ಒಂದು ಷರತ್ತು ತೆಗೆದ ಮೇಲೆ

ಮಕ್ಕಳ ವಿಜ್ಞಾನ ಪಾಠಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಹೃದಯ, ಎಲೆಯ ಒಳಭಾಗ, ಕೈಪಂಪು, ಮಸೂರದೊಳಗೆ ಬೆಳಕು ಬಾಗುವ ಬಗೆ, ಇಂಥವು. ಸುಮಾರು 200 ಚಿತ್ರ ಸೇರಿದಾಗ ಅವನ್ನು ಯಾರು ಬೇಕಾದರೂ ಬಳಸುವ ಹಾಗೆ ಹಂಚಬೇಕು ಅನ್ನಿಸಿತು. ಅದೇ ಹೃದಯವನ್ನು ಸಾವಿರ ಜನ ಮತ್ತೆ ಮತ್ತೆ ಮೊದಲಿಂದ ಬರೆಯುತ್ತಾ ಕೂರುತ್ತಾರೆ. ಅಷ್ಟು ಹೊತ್ತಿನಲ್ಲಿ ಇನ್ನೂ ಯಾರೂ ಬರೆಯದ ಚಿತ್ರ ಬರೆಯಬಹುದಲ್ವಾ?

ಸುಮ್ನೆ ಇಂಟರ್ನೆಟ್ಟಿಗೆ ಹಾಕಿದರೆ ಸಾಕು ಅಂದುಕೊಂಡಿದ್ದೆ. ಸಾಲುವುದಿಲ್ಲ. ಚಿತ್ರ ಬರೆದ ಗಳಿಗೆಯಲ್ಲೇ ಕಾಪಿರೈಟ್ ತಾನಾಗಿ ಬಂದುಬಿಡುತ್ತದೆ, ನೋಂದಣಿಯೇ ಬೇಡ. ನಾನು ಅನುಮತಿ ಕೊಟ್ಟಿದ್ದೇನೆ ಅಂತ ಎಲ್ಲೂ ಬರೆದಿಲ್ಲದಿದ್ದರೆ ನಿಯಮಕ್ಕೆ ಬೆಲೆ ಕೊಡುವವರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ. ಆ ಅನುಮತಿಯನ್ನು ಎಲ್ಲರಿಗೂ ಒಂದೇ ಸಲ, ಮೊದಲೇ ಕೊಡುವುದಕ್ಕೆ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳಿವೆ. ಮೊದಲು ಬಂದದ್ದು 2002ರಲ್ಲಿ. ನಾನು ಬಳಸಿದ್ದು 2013ರಲ್ಲಿ ಬಂದ 4.0 ಆವೃತ್ತಿ. ಅದರಲ್ಲಿ ಆರು ಬಗೆ.

ಆ ಆರರಲ್ಲಿ 'ವಾಣಿಜ್ಯಕ್ಕೆ ಬಳಸಬಾರದು' ಅನ್ನುವ ಷರತ್ತಿನದನ್ನು ಆರಿಸಿಕೊಂಡೆ. ನಾನು ಕಣ್ಣು ನೋಯಿಸಿಕೊಂಡು ಬರೆದದ್ದರಿಂದ ಬೇರೆಯವರು ದುಡ್ಡು ಮಾಡಬಾರದು ಅನ್ನುವುದೇ ಆಗ ತಲೆಯಲ್ಲಿ ತುಂಬಿತ್ತು.

ಕೆಲವು ತಿಂಗಳಲ್ಲಿ ಪತ್ರಗಳು ಶುರುವಾದವು. ಮೇಷ್ಟರೊಬ್ಬರು ನನ್ನ ಚಿತ್ರಗಳನ್ನು ಸೇರಿಸಿ ಪುಸ್ತಿಕೆ ಮಾಡಿದ್ದರು. ಪ್ರಿಂಟಿನ ಖರ್ಚನ್ನಷ್ಟೇ ಮಕ್ಕಳಿಂದ ತಗೊಳ್ಳಬಹುದಾ ಅಂತ ಕೇಳಿದ್ದರು. ಇನ್ನೊಬ್ಬರು ಫೀಸು ತಗೊಂಡು ಸಂಜೆ ಪಾಠ ಹೇಳುವವರು, ಅವರಿಗೂ ಅದೇ ಪ್ರಶ್ನೆ. ಮತ್ತೊಬ್ಬರ ವೀಡಿಯೊಗಳಲ್ಲಿ ಜಾಹೀರಾತು ಬರುತ್ತಿತ್ತು. ಲೈಸೆನ್ಸನ್ನು ಮತ್ತೆ ಓದಿದೆ. ಬಳಸುವವರು ಯಾರು ಅನ್ನುವುದಕ್ಕಿಂತ ಆ ಬಳಕೆಯ ಮುಖ್ಯ ಉದ್ದೇಶ ಲಾಭವೋ ಅಲ್ಲವೋ ಅನ್ನುವುದನ್ನೇ ಅದು ನೋಡುತ್ತದೆ. ಆ ಗೆರೆ ಎಲ್ಲಿ ಬೀಳುತ್ತದೆ ಅಂತ ನನಗೇ ಹೇಳಲು ಬರಲಿಲ್ಲ. ವಿಕಿಪೀಡಿಯಕ್ಕೆ ಕೊಡೋಣ ಅಂದರೆ ಅಲ್ಲಿಗೆ ಚಿತ್ರ ಕೊಡುವ ವಿಕಿಮೀಡಿಯ ಕಾಮನ್ಸ್ ಈ ಷರತ್ತಿರುವ ಚಿತ್ರಗಳನ್ನು ತಗೊಳ್ಳುವುದೇ ಇಲ್ಲ. ಅದೇ ಹೊತ್ತಿಗೆ ಯಾರೋ ನನ್ನ ಎಲೆಯ ಚಿತ್ರವನ್ನು ಹೆಸರೂ ಹಾಕದೆ ಮಾರುವ ಗೈಡಿನಲ್ಲಿ ಅಚ್ಚು ಹಾಕಿದ್ದರು. ನನ್ನ ಷರತ್ತು ಅವರನ್ನು ತಡೆಯಲಿಲ್ಲ. ತಡೆದದ್ದು ಪತ್ರ ಬರೆದು ಕೇಳಿದ ಆ ಮೇಷ್ಟರನ್ನು. ಇದು ನನ್ನ ಮನಸ್ಸನ್ನು ತುಂಬಾ ಕೊರೆಯಿತು.

ಹಾಗಾಗಿ ಆ ಷರತ್ತು ತೆಗೆದು, ಬೇರೆ ಎರಡು ಇಟ್ಟುಕೊಂಡೆ. ನನ್ನ ಹೆಸರು ಹೇಳಬೇಕು. ಚಿತ್ರವನ್ನು ಬದಲಿಸಿ ಹಂಚಿದರೆ ಬದಲಿಸಿದ್ದನ್ನೂ ಇದೇ ಲೈಸೆನ್ಸಿನಲ್ಲಿ ಕೊಡಬೇಕು. ಎರಡನೆಯದು ಮುಕ್ತ ತಂತ್ರಾಂಶದವರಿಂದ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಾಫ್ಟ್‌ವೇರ್ ಬರೆಯುವವರಿಂದ ಬಂದ ಯೋಚನೆ. ಅವರ 1989ರ ಜಿಪಿಎಲ್ ಲೈಸೆನ್ಸಿನಲ್ಲೇ ಇತ್ತು. ದುಡ್ಡು ಮಾಡುವವರು ಮಾಡಲಿ, ಆದರೆ ತಿದ್ದಿದ ಚಿತ್ರಕ್ಕೆ ಯಾರೂ ಬೇಲಿ ಹಾಕುವ ಹಾಗಿಲ್ಲ. ನಾನು ಹೆದರಬೇಕಾಗಿದ್ದು ಬೇಲಿಗೆ, ದುಡ್ಡಿಗಲ್ಲ.

ಬದಲಾಯಿಸುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಒಂದೊಂದೇ ಫೈಲು ತೆಗೆದು ಇದು ಪೂರ್ತಿ ನನ್ನದೇನಾ ಅಂತ ನೋಡಬೇಕಾಯಿತು. ಹನ್ನೊಂದು ಚಿತ್ರಗಳಿಗೆ ಗೆಳತಿಯೊಬ್ಬಳು ಬಣ್ಣ ತುಂಬಿದ್ದಳು, ಅವಳ ಒಪ್ಪಿಗೆ ಬರಹದಲ್ಲೇ ತಗೊಂಡೆ. ಮೂರು ಚಿತ್ರಗಳನ್ನು ಹಿಂದೆ ಯಾವುದೋ ಪುಸ್ತಕದ ಮೇಲೆ ಕಾಗದ ಇಟ್ಟು ಬರೆದಿದ್ದೆ. ಅವನ್ನು ಹಂಚುವ ಹಕ್ಕು ನನಗಿಲ್ಲ. ಕಿತ್ತು ಹಾಕಿ ನಿಜವಾದ ವಸ್ತುಗಳನ್ನು ನೋಡಿ ಹೊಸದಾಗಿ ಬರೆದೆ. ಈ ಹೆಜ್ಜೆ ಬಿಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ನಮ್ಮದಲ್ಲದ್ದನ್ನು ದಾನ ಮಾಡಲಿಕ್ಕಾಗುವುದಿಲ್ಲ. ಇನ್ನೊಂದು ಮಾತು: ಒಮ್ಮೆ ಕೊಟ್ಟ ಲೈಸೆನ್ಸನ್ನು ಹಿಂದಕ್ಕೆ ತಗೊಳ್ಳಲು ಬರುವುದಿಲ್ಲ. ಸಡಿಲಿಸಬಹುದು, ಈಗಾಗಲೇ ಪಡೆದವರಿಗೆ ಬಿಗಿ ಮಾಡಲಾಗದು. ಒಂದು ವಾರ ಯೋಚಿಸಿಯೇ ಕೊಡಿ.

ಸಿದ್ಧವಾದ ಪ್ರತಿ ಚಿತ್ರದ ಜೊತೆಗೆ ತಿದ್ದಲು ಬರುವ ಎಸ್‌ವಿಜಿ ಫೈಲನ್ನೂ ಇಟ್ಟೆ. ಅಕ್ಷರಗಳಿಗೆ ಮುಕ್ತ ಫಾಂಟನ್ನೇ ಬಳಸಿದೆ. ಪ್ರತಿ ಚಿತ್ರದ ಕೆಳಗೆ ನಕಲು ಮಾಡಿಕೊಳ್ಳಲು ಒಂದು ಸಾಲು: ಚಿತ್ರದ ಹೆಸರು, ಬರೆದವರು, ಎಲ್ಲಿಂದ, ಯಾವ ಲೈಸೆನ್ಸ್. ಸಾಲು ಸಿದ್ಧವಾಗಿದ್ದರೆ ಜನ ಹಾಕಿಯೇ ಹಾಕುತ್ತಾರೆ. ಹೆಸರು ಬಿಟ್ಟಿದ್ದ ಆ ಗೈಡಿನವರಿಗೂ ಶಾಂತವಾಗಿ ಒಂದು ಪತ್ರ ಬರೆದೆ. ಲೈಸೆನ್ಸ್ ಮುರಿದದ್ದು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಬಳಸುವ ಹಕ್ಕು ತಾನಾಗಿ ಮರಳುತ್ತದೆ ಅಂತ 4.0ರಲ್ಲೇ ಇದೆ. ಅದನ್ನು ತೋರಿಸಿದೆ. ಮುಂದಿನ ಮುದ್ರಣದ ತನಕ ಕಾಯದೆ ಒಳಗೊಂದು ಚೀಟಿ ಅಂಟಿಸಿ ಹೆಸರು ಹಾಕಿದರು.

ಹೊಟ್ಟೆಪಾಡಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಾನೀಗ ಪ್ರತಿಗೆ ದುಡ್ಡು ತಗೊಳ್ಳುವುದಿಲ್ಲ, ಬರೆಯುವ ಕೆಲಸಕ್ಕೆ ತಗೊಳ್ಳುತ್ತೇನೆ. ಹೊಸ ಚಿತ್ರ ಬೇಕಾದವರು ಅದನ್ನು ಮಾಡಿಸುವ ಖರ್ಚು ಕೊಡುತ್ತಾರೆ, ಆಮೇಲೆ ಅದು ಎಲ್ಲರದೂ ಆಗುತ್ತದೆ. ಆದಾಯ ಏರುಪೇರಾಗುತ್ತದೆ, ನಿಜ. ಕೆಲವು ತಿಂಗಳು ಕಷ್ಟವೇ.

ಎಲ್ಲರದ್ದೂ ಆದದ್ದು ಹಾಳಾಗುತ್ತದೆ ಅನ್ನುವ ಮಾತು ಬಹಳ ಹಳೆಯದು. 1968ರಲ್ಲಿ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅದನ್ನು ಹುಲ್ಲುಗಾವಲಿನ ಉದಾಹರಣೆ ಕೊಟ್ಟು ಹೇಳಿದರು: ಎಲ್ಲರೂ ತಮ್ಮ ದನ ಹೆಚ್ಚಿಸುತ್ತಾ ಹೋದರೆ ಹುಲ್ಲು ಮುಗಿಯುತ್ತದೆ. ಆದರೆ ಜನ ತಾವೇ ನಿಯಮ ಮಾಡಿಕೊಂಡು ಕಾಡು, ನೀರು, ಮೀನನ್ನು ತಲೆಮಾರುಗಟ್ಟಲೆ ಕಾಪಾಡಿದ್ದನ್ನು ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್ ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನನ್ನ ಚಿತ್ರ ಹುಲ್ಲಲ್ಲ, ಎಷ್ಟು ಜನ ತಗೊಂಡರೂ ಮುಗಿಯುವುದಿಲ್ಲ. ಮುಗಿಯುವುದು ತಿದ್ದುವವರ ಹೊತ್ತು. ಕೈಪಂಪಿನ ಚಿತ್ರದಲ್ಲಿ ಎರಡು ಕವಾಟಗಳೂ ಒಟ್ಟಿಗೆ ತೆರೆದಿರುವಂತೆ ಬರೆದಿದ್ದೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಓದುಗರೊಬ್ಬರು ತಾವೇ ತಿದ್ದಿ ಕಳಿಸಿದರು. ಅದಕ್ಕೇ ಈಗ ಬಂದ ತಿದ್ದುಪಡಿಗಳನ್ನು ನೋಡಲಿಕ್ಕೆ ವಾರಕ್ಕೆ ಅರ್ಧ ದಿನ ಬೇರೆಯೇ ಇಟ್ಟಿದ್ದೇನೆ.

ಹೋದ ತಿಂಗಳು ಬಂದದ್ದು ಹೃದಯದ ಚಿತ್ರ. ಕಣ್ಣು ಕಾಣದ ಮಕ್ಕಳಿಗಾಗಿ ಒಬ್ಬರು ಅದನ್ನು ಮುಟ್ಟಿ ತಿಳಿಯುವ ಉಬ್ಬುಚಿತ್ರ ಮಾಡಿದ್ದಾರೆ. ಬಣ್ಣವೆಲ್ಲ ತೆಗೆದಿದ್ದಾರೆ, ಹೆಸರುಗಳು ಬ್ರೈಲ್‌ನಲ್ಲಿವೆ. ರಕ್ತನಾಳಗಳನ್ನು ನಾನು ತೀರಾ ಒತ್ತೊತ್ತಾಗಿ ಬರೆದಿದ್ದೆ, ಬೆರಳಿಗೆ ಅವು ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲವಂತೆ. ಅವನ್ನು ಬಿಡಿಸಿ ದೂರ ದೂರ ಇಟ್ಟು, ಆ ಫೈಲನ್ನೂ ಅದೇ ಲೈಸೆನ್ಸಿನಲ್ಲಿ ಹಾಕಿದ್ದಾರೆ. ಈಗ ಮೂತ್ರಪಿಂಡದ ಚಿತ್ರ ಬರೆಯುತ್ತಿದ್ದೇನೆ. ಆ ಫೈಲನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡು, ನಾಳಗಳ ನಡುವೆ ಬೆರಳಿಗೆ ಸಿಗುವಷ್ಟು ಜಾಗ ಬಿಡುತ್ತಿದ್ದೇನೆ.