ಮಳೆ ಹಿಡಿಯುವ ಮೊದಲು ಹಳೇ ನೋಟ್‌ಬುಕ್‌ಗೆ ಒಂದು ದಾರಿ

ನಮ್ಮ ತೀರ್ಥಹಳ್ಳಿ ಕಡೆ ಪರೀಕ್ಷೆ ಮುಗಿದ ಮೇಲೆ ನೋಟ್‌ಬುಕ್‌ಗಳು ಹೋಗುವುದು ಎರಡೇ ಜಾಗಕ್ಕೆ. ಒಂದು ಅಟ್ಟ, ಇನ್ನೊಂದು ಬಚ್ಚಲ ಒಲೆ. ಅಟ್ಟ ಸೇರಿದ್ದಕ್ಕೆ ಜೂನ್ ಮಳೆಯಲ್ಲಿ ಬೂಷ್ಟು ಬರುತ್ತದೆ, ಉಳಿದದ್ದು ಒರಲೆ ಪಾಲು. ಒಲೆ ಸೇರಿದ್ದು ಹಂಡೆ ನೀರು ಕಾಯಿಸುತ್ತದೆ. ಇಡೀ ವರ್ಷ ಕೂತು ಬರೆದದ್ದು ಹೀಗೆ ಹೋದರೆ ನನಗೆ ತಡೆಯುವುದಿಲ್ಲ. ಅದಕ್ಕೇ ಹೈಸ್ಕೂಲಿನಿಂದ ಪಿಯುಸಿವರೆಗೆ, ಬೇಸಿಗೆ ರಜೆ ಸಿಕ್ಕಿದ ಕೂಡಲೇ ಎಲ್ಲವನ್ನೂ ಜಗಲಿಯಲ್ಲಿ ಹರಡಿಕೊಂಡು ಕೂರುತ್ತಿದ್ದೆ.

ಮೊದಲು ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಜೆರಾಕ್ಸ್ ಪ್ರತಿಗಳನ್ನು ಬೇರೆ ತೆಗೆಯುತ್ತಿದ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುಂದೆ ಹುಟ್ಟಿದ ದಿನಾಂಕಕ್ಕೂ ದಾಖಲೆಯಾಗುತ್ತದೆ. ಅದು ನೋಟ್‌ಬುಕ್ ರಾಶಿಯಲ್ಲಿ ಸೇರಿಹೋಗಬಾರದು.

ಆಮೇಲೆ ಯಾವುದನ್ನು ಇಟ್ಟುಕೊಳ್ಳಬೇಕು ಅನ್ನೋ ಪ್ರಶ್ನೆ. ಬೋರ್ಡ್ ನೋಡಿ ಬರೆದುಕೊಂಡ ಪ್ರಶ್ನೋತ್ತರ ನಾನು ಇಟ್ಟುಕೊಳ್ಳುವುದಿಲ್ಲ. ಅದೆಲ್ಲ ಪಠ್ಯಪುಸ್ತಕದಲ್ಲೇ ಇದೆ. ಇಡಬೇಕಾದದ್ದು ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟ ಟೆಸ್ಟ್ ಪೇಪರ್‌ಗಳನ್ನು. ಚಿಕ್ಕಪ್ಪನ ಮಗನ ಒಂಬತ್ತನೇ ಕ್ಲಾಸಿನ ಗಣಿತದ ಪೇಪರ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬಹುಪದೋಕ್ತಿ ಕಳೆಯುವ ಲೆಕ್ಕ ಬಂದಲ್ಲೆಲ್ಲ ಒಂದೇ ಜಾಗದಲ್ಲಿ ಕೆಂಪು ಸುತ್ತು ಕಂಡಿತು. ಆವರಣ ಬಿಡಿಸುವಾಗ ಒಳಗಿನ ಎರಡನೇ ಪದದ ಚಿಹ್ನೆ ಬದಲಾಗಿರಲೇ ಇಲ್ಲ. ಹತ್ತನೇ ಕ್ಲಾಸಿನಲ್ಲೂ ಬಹುಪದೋಕ್ತಿ ಬರುತ್ತದಲ್ವಾ? ಆ ರಜೆಯಲ್ಲಿ ಅದೊಂದನ್ನೇ ಕೂರಿಸಿಕೊಂಡು ಹೇಳಿಕೊಟ್ಟೆ. ಯಾವ ಗೈಡೂ ಇಷ್ಟು ನೇರವಾಗಿ ಕೊರತೆ ತೋರಿಸುವುದಿಲ್ಲ. ಜೊತೆಗೆ ಸ್ವಂತ ಬರೆದ ಪ್ರಬಂಧ, ಕೈಯಾರೆ ಬಿಡಿಸಿದ ನಕ್ಷೆ ಉಳಿಸಿಕೊಳ್ಳುತ್ತೇನೆ.

ಖಾಲಿ ಹಾಳೆಗಳ ಕೆಲಸ ನನಗೆ ತುಂಬ ಇಷ್ಟ. ಪಿನ್ ಹೊಡೆದ ಪುಸ್ತಕದಲ್ಲಿ ಹಿಂದಿನ ಖಾಲಿ ಹಾಳೆ ಮುಂದಿನ ಬರೆದ ಹಾಳೆಯ ಜೊತೆಗೇ ಇರುತ್ತದೆ. ಸುಮ್ನೆ ಹರಿದರೆ ಎರಡೂ ಹಾಳು. ಪಿನ್ ಬಿಚ್ಚಿ, ಮಡಿಕೆಯ ಗುಂಟ ಬ್ಲೇಡಿನಲ್ಲಿ ಕೊಯ್ದು, ಖಾಲಿ ಅರ್ಧಗಳನ್ನು ಒಟ್ಟು ಮಾಡಿ ಅಂಚು ಸಮ ಕುಟ್ಟಬೇಕು. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ದಬ್ಬಣದಿಂದ ಐದು ತೂತು ಮಾಡಿ, ಗಟ್ಟಿ ದಾರದಿಂದ ಹೊಲಿಯುತ್ತೇನೆ. ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯೇ ರಟ್ಟು. ಅದನ್ನು ಅಂಟಿಸಲು ಮೈದಾ ಅಂಟು ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತೇನೆ. ಬೈಂಡಿಂಗ್ ಮಾಡುವವರು ಹುಳ ಹಿಡಿಯದಿರಲಿ ಅಂತ ಹಾಕುವುದು ಇದನ್ನೇ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ತೋಟದ ಮನೆಯಲ್ಲಿ ಮೈಲುತುತ್ತ ಹುಡುಕಬೇಕಾಗಿಲ್ಲ. ಆದರೆ ಅದು ವಿಷ. ಅಡುಗೆ ಪಾತ್ರೆಯಲ್ಲಿ ಕುದಿಸಬೇಡಿ, ಚಿಕ್ಕ ಮಕ್ಕಳ ಕೈಗೂ ಕೊಡಬೇಡಿ. ಹೀಗೆ ಹೊಲಿದ ಪುಸ್ತಕ ಲೆಕ್ಕ ಮಾಡಿ ನೋಡಲು ಸಾಕು. ರಫ್ ಪುಸ್ತಕ ಅಂತ ಅಂಗಡಿಯಲ್ಲಿ ಹೊಸದು ತಂದದ್ದು ನನಗೆ ನೆನಪಿಲ್ಲ.

ಪಠ್ಯಪುಸ್ತಕ ಕೆಳಗಿನ ಕ್ಲಾಸಿನವರಿಗೆ. ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ ಸಿಗುತ್ತದೆ ನಿಜ, ಆದರೂ ರಜೆಯಲ್ಲೇ ಓದಲು ಶುರು ಮಾಡುವ ಮಕ್ಕಳಿಗೆ ಹಳೆಯದು ಬೇಕೇ ಬೇಕು. ಪಿಯುಸಿಯವರಂತೂ ದುಡ್ಡು ಕೊಟ್ಟೇ ತರಬೇಕು. ಕೊಡುವ ಮೊದಲು ಮುದ್ರಣದ ವರ್ಷ ನೋಡಿ. 2022 ಮತ್ತು 2023ರಲ್ಲಿ ಕನ್ನಡ, ಸಮಾಜ ವಿಜ್ಞಾನದ ಕೆಲವು ಪಾಠ ಬದಲಾಗಿವೆ. ಸೈನ್ಸ್ ರೆಕಾರ್ಡ್ ಮಾತ್ರ ನಾನು ಯಾರಿಗೂ ಕೊಡುವುದಿಲ್ಲ. ಪ್ರಯೋಗ ಮಾಡದೇ ರೀಡಿಂಗ್ ಇಳಿಸಿಕೊಂಡು ಕೂರುವ ಹುಡುಗರನ್ನು ನೋಡಿದ್ದೇನೆ. ಬೇಕಾದರೆ ಚಿತ್ರ ಹೇಗೆ ಬಿಡಿಸಬೇಕು ಅಂತ ಕೂತು ತೋರಿಸುತ್ತೇನೆ.

ಉಳಿದದ್ದು ಗುಜರಿಗೆ. ಪ್ಲಾಸ್ಟಿಕ್ ಹೊದಿಕೆ, ಪಿನ್ ತೆಗೆದು, ಹೆಸರು ಮತ್ತು ಫೋನ್ ನಂಬರ್ ಇರುವ ಪುಟ ಹರಿದು, ಮೇ ತಿಂಗಳ ಬಿಸಿಲಿರುವಾಗಲೇ ಕೊಟ್ಟುಬಿಡಬೇಕು. ಮಳೆ ಶುರುವಾದರೆ ಥಂಡಿ ಎಳೆದ ಕಾಗದಕ್ಕೆ ಗುಜರಿಯವನು ಒಳ್ಳೆ ರೇಟು ಕೊಡುವುದಿಲ್ಲ. ಇಟ್ಟುಕೊಂಡ ಟೆಸ್ಟ್ ಪೇಪರ್‌ಗಳನ್ನು ಒಂದು ದಿನ ಬಿಸಿಲಿಗೆ ಹಾಕಿ, ಬಿಸ್ಕೆಟ್ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ, ಗೋಡೆಗೆ ತಾಗದಂತೆ ಮರದ ಹಲಗೆ ಮೇಲೆ ಇಡುತ್ತೇನೆ.