ಕ್ಯಾವನ್‌ಸೈಟ್: ಮೊದಲು ಬಂಡೆ ನೋಡಿ, ಬಣ್ಣ ಆಮೇಲೆ

ಕ್ಯಾವನ್‌ಸೈಟ್ ಎಂಬ ಕಡುನೀಲಿ ಖನಿಜ ಸಿಗುತ್ತದೆಂದು ಕಾರವಾರ, ಶಿರಸಿ ಸುತ್ತ ಕಲ್ಲು ಒಡೆಯುತ್ತಾ ಕೂರಬೇಡಿ. ಇಲ್ಲಿ ಹೆಚ್ಚಾಗಿ ಇರುವುದು ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು, ಗ್ರಾನೈಟ್, ಮೇಲೆ ಚಿರೆಕಲ್ಲು. ಯಾಣದ ಕಪ್ಪು ಬಂಡೆಗಳೂ ಜ್ವಾಲಾಮುಖಿಯವಲ್ಲ, ಸುಣ್ಣಕಲ್ಲು. ಗ್ರಾನೈಟನ್ನು ಸೀಳಿಕೊಂಡು ಹೋಗುವ ಕಪ್ಪು ಡಾಲರೈಟ್ ಪಟ್ಟಿ ಲಾವಾ ತಣಿದು ಆದ ಬಸಾಲ್ಟ್ ಕಲ್ಲಿನಂತೆಯೇ ಕಾಣುತ್ತದೆ, ಆದರೆ ನೆಲದಡಿ ಒತ್ತಡದಲ್ಲಿ ತಣಿದದ್ದರಿಂದ ಅದರಲ್ಲಿ ಸಾಮಾನ್ಯವಾಗಿ ಗುಳ್ಳೆಗಳಿರುವುದಿಲ್ಲ. ಈ ಖನಿಜಕ್ಕೆ ಗುಳ್ಳೆ, ಬಿರುಕು ಬೇಕೇ ಬೇಕು. ಅದಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗ ಪುಣೆ ಹತ್ತಿರದ ವಾಘೋಲಿಯ ಬಸಾಲ್ಟ್ ಕ್ವಾರಿಗಳು. ಮಾಲೀಕರ ಅನುಮತಿ, ತಲೆಗೆ ಹೆಲ್ಮೆಟ್ ಇಲ್ಲದೆ ಒಳಗೆ ಕಾಲಿಡಬೇಡಿ. ಸ್ಫೋಟದ ಸಮಯವನ್ನೂ ಮೊದಲೇ ಕೇಳಿಕೊಳ್ಳಿ.

ಪೊಟರೆಯ ಒಳಗೋಡೆಯಲ್ಲಿ ಮೊದಲು ಇದರ ಜೊತೆಗಾರ ಖನಿಜಗಳನ್ನು ಹುಡುಕಿ: ನಡು ಕಟ್ಟಿದ ಭತ್ತದ ಸೂಡಿಯ ಹಾಗೆ ಎರಡೂ ತುದಿ ಬಿಚ್ಚಿಕೊಂಡ ಬಿಳಿ ಅಥವಾ ನಸುಗೆಂಪು ಸ್ಟಿಲ್‌ಬೈಟ್, ಹ್ಯೂಲಂಡೈಟ್, ಕ್ಯಾಲ್ಸೈಟ್. ಅವುಗಳ ಮೇಲೆ ಕೆಲವು ಮಿಲಿಮೀಟರಿನಿಂದ ಒಂದು ಸೆಂಟಿಮೀಟರ್ ಆಸುಪಾಸಿನ ಕಡುನೀಲಿ ಉಂಡೆ ಕೂತಿದ್ದರೆ 10 ಪಟ್ಟು ಲೆನ್ಸ್ ಹಿಡಿಯಿರಿ. ನಡುವಿನಿಂದ ಸುತ್ತಲೂ ಹೊರಟ, ಗಾಜಿನ ಹೊಳಪಿನ ಸೂಜಿಹರಳುಗಳು ಕಾಣಬೇಕು.

ಹೆಚ್ಚಿನವರು ಎಡವುವುದು ಸೆಲಡೊನೈಟ್ ಎಂಬ ಇನ್ನೊಂದು ಖನಿಜದ ಹತ್ತಿರ. ದಖ್ಖನ್ ಬಸಾಲ್ಟಿನಲ್ಲಿ ಅದು ಧಾರಾಳ. ನೀಲಿ ಬೆರೆತ ಹಸಿರು, ಆದರೆ ಮಣ್ಣಿನಂತೆ ಮಂಕು, ಉಗುರಿಗೂ ಕೆರೆದು ಬರುತ್ತದೆ. ಒದ್ದೆಯಾದಾಗ ಬಣ್ಣ ಗಾಢವಾಗಿ ಮೋಸ ಮಾಡುತ್ತದೆ. ಅದಕ್ಕೇ ಮಳೆಯಲ್ಲಿ ಸಿಕ್ಕ ತುಂಡನ್ನು ಒಣಗಿದ ಮೇಲೆ, ಹಗಲ ಬೆಳಕಿನ ನೆರಳಲ್ಲಿ ನೋಡಿ. ಕ್ಯಾವನ್‌ಸೈಟಿನ ಗಡಸುತನ 10ರ ಮೋಸ್ ಮಾಪಕದಲ್ಲಿ 3ರಿಂದ 4, ಚಾಕುವಿನಿಂದ ಅದರ ಮೇಲೆ ಗೀರು ಬೀಳುತ್ತದೆ. ಗೀರುವುದಿದ್ದರೂ ಮುರಿದು ಬಿದ್ದ ಚೂರನ್ನು ಮಾತ್ರ.

ಅಂಗಡಿಯಲ್ಲಿ ಕೊಳ್ಳುವಾಗ ಇದು ಅಜುರೈಟ್ ಎಂಬ ತಾಮ್ರದ ನೀಲಿ ಖನಿಜವೇ ಎಂದು ಅನುಮಾನ ಬಂದರೆ ಆಸಿಡ್ ಪರೀಕ್ಷೆ ಇದೆ. ಎರಡು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ. ಆಸಿಡ್ಡಿಗೆ ನೀರು ಸುರಿಯಬಾರದು. ಕನ್ನಡಕ, ಕೈಗವಸು ಇರಲಿ. ನೊರೆ ಹೇಗೆ ಏಳುತ್ತದೆಂದು ಕಣ್ಣಿಗೆ ರೂಢಿಯಾಗಲು ಕಾರವಾರದ ಟಾಗೋರ್ ಬೀಚಿನಲ್ಲಿ ಬಿದ್ದಿರುವ ಚಿಪ್ಪಿನ ಚೂರಿಗೆ ಒಂದು ಹನಿ ಹಾಕಿ ನೋಡಿ. ಅಜುರೈಟ್ ಕೂಡ ನೊರೆಯುತ್ತದೆ, ಕ್ಯಾವನ್‌ಸೈಟ್ ನೊರೆಯುವುದಿಲ್ಲ. ಹನಿಯನ್ನು ಕಲ್ಲಿನ ಮೇಲೇ ಬಿಟ್ಟರೆ ಅಡಿಯ ಕ್ಯಾಲ್ಸೈಟ್ ನೊರೆಯೆದ್ದು ದಾರಿ ತಪ್ಪಿಸುತ್ತದೆ. ನೀಲಿ ಚೂರನ್ನು ಬೇರ್ಪಡಿಸಿ ಗಾಜಿನ ಮೇಲಿಟ್ಟು ಪರೀಕ್ಷಿಸಿ. ಬಣ್ಣ ಹಚ್ಚಿದ ಕಲ್ಲಾದರೆ ಅಸಿಟೋನ್ ದ್ರವದಲ್ಲಿ ಅದ್ದಿ ಉಜ್ಜಿದ ಹತ್ತಿಗೆ ನೀಲಿ ಅಂಟುವುದುಂಟು. ಉಂಡೆಯ ಬುಡದಲ್ಲಿ ಅಂಟಿನ ಗೆರೆ ಇದೆಯೇ ಎಂದೂ ನೋಡಿ.

ಇಷ್ಟಾದರೂ ಒಂದು ಉಳಿಯುತ್ತದೆ: ಪೆಂಟಗೊನೈಟ್. ರಾಸಾಯನಿಕವಾಗಿ ಎರಡೂ ಒಂದೇ, ಹರಳಿನ ಒಳರಚನೆ ಬೇರೆ. ಲೆನ್ಸಿನಲ್ಲಿ ಐದು ಮೂಲೆಯ ನಕ್ಷತ್ರದಂಥ ಜೋಡಿಹರಳು ಕಂಡರೆ ಅದೇ ಇರಬಹುದು, ಆದರೆ ಖಚಿತಪಡಿಸಲು ಎಕ್ಸ್-ರೇ ವಿವರ್ತನ (ಹರಳಿನ ಒಳರಚನೆ ತೋರಿಸುವ ಪ್ರಯೋಗಾಲಯದ ಪರೀಕ್ಷೆ) ಬೇಕು.

ಸಿಕ್ಕಿದ್ದನ್ನು ಒಲೆ, ಹೇರ್ ಡ್ರೈಯರ್ ಬಳಿ ಒಣಗಿಸಬೇಡಿ, ಹರಳಿನೊಳಗೇ ನೀರಿದೆ. ಕಲ್ಲಿನ ತಳವನ್ನು ಡಬ್ಬಿಗೆ ಗಟ್ಟಿಯಾಗಿ ಕೂರಿಸಿ, ನೀಲಿಗೆ ಹತ್ತಿಯನ್ನೂ ತಾಗಿಸದೆ ತನ್ನಿ. ಹತ್ತಿಯ ಎಳೆ ಸೂಜಿಗೆ ಸಿಕ್ಕರೆ ಬಿಡಿಸುವಾಗ ಸೂಜಿಯೇ ಮುರಿಯುತ್ತದೆ.