ಹಿನ್ನೀರಿನ ದೋಣಿಗೆ ಹಳೆಯ ಮೋಟರು

ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ 2025ರಲ್ಲಿ ತೆರೆದ ಮೇಲೂ, ಶರಾವತಿ ಹಿನ್ನೀರಿನ ಅಂಚಿನಲ್ಲಿರುವ ನಮ್ಮ ತೋಟಕ್ಕೆ ದೋಣಿಯೇ ಹತ್ತಿರದ ದಾರಿ. ಆ ದೋಣಿಯ ಹಿಂಬದಿಗೆ ನಾನು ಕಚ್ಚಿಸಿಕೊಂಡಿರುವುದು 1950ರ ದಶಕದ, ಎರಡು ಸಿಲಿಂಡರಿನ, 10 ಅಶ್ವಶಕ್ತಿಯ ಜಾನ್ಸನ್ ಔಟ್‌ಬೋರ್ಡ್ ಮೋಟರನ್ನು. ಪೆಟ್ರೋಲಿಗೆ ಗಾಳಿ ಬೆರೆಸುವ ಅದರ ಕಾರ್ಬ್ಯುರೇಟರಿಗೆ ನಿಧಾನದ ಓಟಕ್ಕೊಂದು, ವೇಗದ ಓಟಕ್ಕೊಂದು ಎಂದು ಪೆಟ್ರೋಲಿನ ಹರಿವನ್ನು ಹೊಂದಿಸುವ ಎರಡು ಸೂಜಿಗಳಿದ್ದು, ಕೈಯಿಂದಲೇ ತಿರುಗಿಸಬಹುದು. ನಾನು ಕೆಟ್ಟದ್ದೂ ಆ ಅನುಕೂಲದಿಂದಲೇ.

ಒಂದು ಮಳೆಗಾಲ ಕಳೆದು ಹೊರತೆಗೆದಾಗ ಮೋಟರು ಹೊಗೆ ಕಕ್ಕುತ್ತ, ಪ್ಲಗ್ಗುಗಳನ್ನು ಪೆಟ್ರೋಲಿನಲ್ಲಿ ತೋಯಿಸಿಕೊಂಡು ನಿಲ್ಲುತ್ತಿತ್ತು. ಪೆಟ್ರೋಲು ಹೆಚ್ಚಾಗುತ್ತಿದೆಯೆಂದು ನಿಧಾನದ ಸೂಜಿಯನ್ನು ಒಳಕ್ಕೆ ತಿರುಗಿಸಿದೆ. ಮರುದಿನ ಇನ್ನಷ್ಟು ತಿರುಗಿಸಿದೆ. ನೀರು ತುಂಬಿದ ಡ್ರಮ್ಮಿನಲ್ಲಿ ಅದನ್ನು ಓಡಿಸುತ್ತಿದ್ದುದನ್ನು ನೋಡಿದ ನೆರೆಯ ಹಿರಿಯರೊಬ್ಬರು, "ಸೂಜಿ ತಿರುಗ್ಸಿದ್ದು ಸಾಕು ಮಾರಾಯ್ರೆ, ಒಳಗೆ ಬಿಚ್ಚಿ ನೋಡಿ" ಎಂದರು.

ಬಿಚ್ಚಿದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ತೇಲುತ್ತ, ಅದು ತುಂಬಿದಾಗ ಪೆಟ್ರೋಲಿನ ದಾರಿ ಮುಚ್ಚಬೇಕಾದ ಬೆಂಡು ಪೆಟ್ರೋಲು ಕುಡಿದು ಭಾರವಾಗಿ ಅರ್ಧ ಮುಳುಗಿತ್ತು. ಅದರ ಮೇಲೆ ಹಿಂದಿನವರು ಬಳಿದಿದ್ದ ಅರಗಿನ ಲೇಪ ಎಥನಾಲಿಗೆ ಕರಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲು ಶೇ. 20ರಷ್ಟಿದೆ. ಬೆಂಡನ್ನು ಅಂಗಳದಲ್ಲಿ ಅಡಿಕೆಯ ಪಕ್ಕದಲ್ಲೇ ನಾಲ್ಕು ದಿನ ಒಣಗಿಸಿ, ಸೂಪರ್ ಗ್ಲೂವಿನ ತೆಳು ಪದರಗಳನ್ನು ಬಳಿದು ಕೂರಿಸಿದೆ. ಬಟ್ಟಲು ಉಕ್ಕುವುದು ನಿಂತಿತು.

ಆಮೇಲೂ ಸೂಜಿಗೆ ಕೈಹಚ್ಚಲಿಲ್ಲ. ಮೊದಲು ಕಿಡಿಯನ್ನು ಸರಿಪಡಿಸಿದೆ. ಮೋಟರಿನ ತಲೆಯ ಮೇಲಿನ ಭಾರದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಪುಲ್ಲರ್ ಹಾಕಿ ಎಬ್ಬಿಸಿ (ಸುತ್ತಿಗೆಯಿಂದ ಹೊಡೆದರೆ ಕ್ರ್ಯಾಂಕಿನ ತುದಿ ಕೆಡುತ್ತದೆ) ಒಳಗೆ ತೆರೆದು ಮುಚ್ಚುತ್ತ ಕಿಡಿ ಹುಟ್ಟಿಸುವ ಎರಡು ಪಾಯಿಂಟುಗಳನ್ನು ನೋಡಿದರೆ, ಮಲೆನಾಡಿನ ತೇವಕ್ಕೆ ಬೂದು ಪೊರೆ ಕಟ್ಟಿತ್ತು. ಥಿನ್ನರಿನಲ್ಲಿ ಅದ್ದಿದ ದಪ್ಪ ಕಾಗದದ ಪಟ್ಟಿಯನ್ನು ಪಾಯಿಂಟಿನ ನಡುವೆ ಎಳೆದೆಳೆದು, ಕಡೆಯ ಪಟ್ಟಿ ಬೆಳ್ಳಗೆ ಬರುವವರೆಗೆ ಒರೆಸಿದೆ. ಪಾಯಿಂಟನ್ನು ತೆರೆಯುವ ಕ್ಯಾಮಿನ ಎತ್ತರದ ಭಾಗದಲ್ಲಿ ಅಂತರ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಇರಬೇಕು; ಅಂತರ ಅಳೆಯುವ ತೆಳು ತಗಡು, ಫೀಲರ್ ಗೇಜು, ಸಡಿಲವಾಗಿ ಜಾರದೆ ತುಸು ತಡವರಿಸಿ ಹೊರಬಂದರೆ ಸರಿ. ಮೋಟರನ್ನು ತಣಿಸಲು ನೀರೆತ್ತುವ ಪಂಪಿನ ರಬ್ಬರ್ ಎಸಳುಗಳು ಬಾಗಿ ಗಟ್ಟಿಯಾಗಿದ್ದವು, ಬದಲಿಸಿದೆ. ಗೇರಿನ ಎಣ್ಣೆ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲವಾದ್ದರಿಂದ ಸೀಲನ್ನು ಮುಟ್ಟಲಿಲ್ಲ.

ಕೊನೆಗೆ ಸೂಜಿ. 10 ಲೀಟರ್ ಪೆಟ್ರೋಲಿಗೆ ಸುಮಾರು 420 ಮಿಲಿ ಎಣ್ಣೆ ಬೆರೆಸಿ, ದೋಣಿಯನ್ನು ನೀರಿಗಿಳಿಸಿ, ಮೋಟರು ಬಿಸಿಯಾದ ಮೇಲೆ ಪೂರ್ಣ ವೇಗದಲ್ಲಿ ಓಡಿಸುತ್ತಲೇ ವೇಗದ ಸೂಜಿಯನ್ನು ಒಮ್ಮೆಗೆ ಎಂಟನೆಯ ಒಂದು ಸುತ್ತಿನಷ್ಟು ತಿರುಗಿಸಿ, ಪ್ರತಿ ಸಲವೂ ಹದಿನೈದು ಸೆಕೆಂಡು ಕಾದು ಸದ್ದು ಕೇಳಿದೆ. ಡ್ರಮ್ಮಿನಲ್ಲಿ ಪ್ರೊಪೆಲ್ಲರಿಗೆ ನಿಜವಾದ ಭಾರ ಸಿಗುವುದಿಲ್ಲ, ಆದ್ದರಿಂದ ಅಲ್ಲಿನ ಹೊಂದಾಣಿಕೆ ಹೊಳೆಯಲ್ಲಿ ನಿಲ್ಲುವುದಿಲ್ಲ. ಕಾರ್ಬ್ಯುರೇಟರು ಸೀನಿದರೆ ಪೆಟ್ರೋಲು ಕಡಿಮೆ. ಆಗ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಉಜ್ಜಿಹೋಗುತ್ತದೆ. ಹಾಗಾಗಿ ಅತಿ ಚುರುಕಾಗಿ ಓಡುವ ಜಾಗದಿಂದ ತುಸು ಹೊರಕ್ಕೇ ಬಿಟ್ಟೆ. ನಿಧಾನದ ಸೂಜಿ ಪೂರ್ತಿ ಮುಚ್ಚಿದಲ್ಲಿಂದ ಒಂದೂವರೆ ಸುತ್ತಿನ ಆಸುಪಾಸಿನಲ್ಲೇ ಕೂತಿತು.

ಈಗ ಮೇ ಕೊನೆಗೆ ಟ್ಯಾಂಕು, ಬಟ್ಟಲು ಎರಡನ್ನೂ ಬರಿದು ಮಾಡಿಯೇ ಮೋಟರನ್ನು ಅಟ್ಟಕ್ಕೇರಿಸುತ್ತೇನೆ. ಅದಕ್ಕೂ ಮುಂಚೆ, ನೀರಿಳಿದು ಮುಳುಗಡೆಯ ಹಳೆಯ ಮರದ ಬೊಡ್ಡೆಗಳು ಮೇಲೇಳುವ ದಿನಗಳಲ್ಲಿ, ಪ್ರೊಪೆಲ್ಲರಿನ ಪಿನ್ನು ಮುರಿಯುವುದುಂಟು; ದೋಣಿಯ ಡಬ್ಬಿಯಲ್ಲಿ ಎರಡು ಪಿನ್ನು, ಒಂದು ಇಕ್ಕಳ, ಒಂದು ಜೊತೆ ಪ್ಲಗ್ಗು ಇಟ್ಟಿದ್ದೇನೆ, ಜೊತೆಗೆ ಒಂದು ಹುಟ್ಟನ್ನೂ.